ರಿವರ್ಸ್ ಇಲ್ಲದ ಗಾಡಿಯಲ್ಲಿ ಚಿಂತಾಮಣಿಗೆ

ಗುರುವಾರ ಬೆಳಿಗ್ಗೆ ಏಳಕ್ಕೆ ಗೌರಿಬಿದನೂರು ಬಿಟ್ಟಾಗ ಗಾಡಿಯಲ್ಲಿ ಐದು ಜನರಿದ್ದೆವು. ಗಂಡಿನ ಮನೆ ನೋಡಲು ಹೋಗುವವರು ಐದೋ ಏಳೋ ಇರಬೇಕೆಂದು ದೊಡ್ಡಮ್ಮನ ಕಟ್ಟಪ್ಪಣೆ. ಮುಂದಿನ ಸೀಟಿನಲ್ಲಿ ದೊಡ್ಡಮ್ಮ, ಹಿಂದೆ ನನ್ನ ಅಣ್ಣ, ಅತ್ತಿಗೆ, ನನ್ನ ಹೆಂಡತಿ ಶೋಭ. ಸ್ಟೀರಿಂಗ್ ಹಿಡಿದವನು ನಾನು. ಚಿಂತಾಮಣಿಗೆ ಎಂಬತ್ತು ಕಿಲೋಮೀಟರಿಗೆ ಸ್ವಲ್ಪ ಹೆಚ್ಚು. ಹನ್ನೊಂದರೊಳಗೆ ಹುಡುಗನ ಮನೆ ಸೇರಬೇಕಿತ್ತು.

ಹುಡುಗ ಪಶು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾನೆ. ಅವನೂ ಅಣ್ಣನ ಮಗಳು ಚೈತ್ರಳೂ ಚಿಕ್ಕಬಳ್ಳಾಪುರದಲ್ಲಿ ಒಟ್ಟಿಗೆ ಓದಿದವರು. ದೊಡ್ಡಮ್ಮ 'ಹೂಂ' ಅನ್ನಲಿ ಎಂದು ಎರಡು ವರ್ಷದಿಂದ ಕಾಯುತ್ತಿದ್ದರು. ಕೊನೆಗೆ ಮನೆ ನೋಡಲು ಒಪ್ಪಿದ ದೊಡ್ಡಮ್ಮ, ಹೊರಡುವ ಮುಂಚೆ ಒಂದು ಮಾತು ಹೇಳಿಯೇ ಗಾಡಿ ಹತ್ತಿದರು: "ದಾರೀಲಿ ಗಾಡಿ ಕೆಟ್ಟು ನಿಂತ್ರೆ ವಾಪಸ್ ಬಂದ್‌ಬಿಡಣ. ಆ ಸಂಬಂಧ ನಮ್ಗೆ ಬೇಡ." ಹಿಂದೊಮ್ಮೆ ನೆಂಟರ ಹುಡುಗಿಯೊಬ್ಬಳ ಸಂಬಂಧವನ್ನು ಜೀಪಿನ ಟೈರು ಸಿಡಿಯಿತೆಂದು ಅವರು ಮುರಿದದ್ದು ಮನೆಯವರಿಗೆಲ್ಲ ಗೊತ್ತು.

ನನಗೆ ಎಡಗಾಲು ಪೋಲಿಯೊ. ಚಿಕ್ಕಂದಿನಲ್ಲಿ ಶುಭಕಾರ್ಯಕ್ಕೆ ಯಾರಾದರೂ ಹೊರಟರೆ ಎದುರಿಗೆ ಬರಬಾರದೆಂದು ನನ್ನನ್ನು ಒಳಕೋಣೆಗೆ ಕಳಿಸುತ್ತಿದ್ದರು. ಕಳಿಸುತ್ತಿದ್ದವರು ಇದೇ ದೊಡ್ಡಮ್ಮ. ನಾನು ಗಣಿತದ ಮೇಷ್ಟ್ರಾದ ಮೇಲೂ ಇಂಥ ಓಡಾಟಕ್ಕೆ ಯಾರೂ ನನ್ನನ್ನು ಕರೆದಿರಲಿಲ್ಲ. ಈ ಸಲ ಚೈತ್ರ ಹಟ ಹಿಡಿದಳು. "ಚಿಕ್ಕಪ್ಪನ ಗಾಡೀಲೇ ಹೋಗ್ಬೇಕು, ಚಿಕ್ಕಪ್ಪನೇ ಓಡಿಸ್ಬೇಕು."

ಗಾಡಿ ನನ್ನ ಹೆಮ್ಮೆ. ಹೋದ ವರ್ಷ ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಏಳು ಸೀಟಿನ ಆಟೋಮ್ಯಾಟಿಕ್. ಕ್ಲಚ್ ಇಲ್ಲ, ಹಾಗಾಗಿ ಎಡಗಾಲಿಗೆ ಕೆಲಸವೇ ಇಲ್ಲ. ಬಲಗಾಲೊಂದಿದ್ದರೆ ಇಡೀ ಕರ್ನಾಟಕ ಸುತ್ತಬಹುದು. ಎರಡು ವಾರದಿಂದ ಗೇರು ಹಾಕಿದಾಗ ಧಡಕ್ಕನೆ ಒದೆಯುತ್ತಿತ್ತು, ನಿಜ. ಗೇರ್‌ಬಾಕ್ಸಿನ ಆಯಿಲ್ ಕಮ್ಮಿಯಾಗಿದೆ ಎಂದು ನಮ್ಮೂರ ಮೆಕ್ಯಾನಿಕ್ ತುಂಬಿಸಿ ಕಳಿಸಿದ್ದ. ಅಷ್ಟಕ್ಕೇ ಸರಿಹೋಯಿತೆಂದು ನಂಬಿದ್ದು ನನ್ನ ತಪ್ಪು.

ಮಂಚೇನಹಳ್ಳಿಯಲ್ಲಿ ತಿಂಡಿಗೆ ನಿಲ್ಲಿಸಿದೆವು. ಬಿಸಿ ಇಡ್ಲಿ, ಮೇಲೆ ತೇಲುವಷ್ಟು ಸಾಂಬಾರು. ದೊಡ್ಡಮ್ಮ ಚಟ್ನಿಯನ್ನು ಎರಡನೇ ಸಲ ಹಾಕಿಸಿಕೊಂಡರು. ಹೋಟೆಲಿನ ಗೋಡೆಗೆ ಮೂತಿಯಿಟ್ಟು ನಿಂತಿದ್ದ ಗಾಡಿಯನ್ನು ಹಿಂದಕ್ಕೆ ತೆಗೆಯಲು ರಿವರ್ಸ್ ಹಾಕಿದೆ. ಇಂಜಿನ್ ಗುರ್ ಎಂದು ಕೂಗಿತು, ಗಾಡಿ ಮಿಸುಕಲಿಲ್ಲ. ಇನ್ನಷ್ಟು ಒತ್ತಿದೆ. ಸದ್ದು ಜೋರಾಯಿತೇ ಹೊರತು ಒಂದು ಅಂಗುಲವೂ ಕದಲಲಿಲ್ಲ.

"ಯಾಕಪ್ಪ ಅಷ್ಟು ಬಡ್ಕೊಳ್ತೈತೆ?" ಎಂದರು ದೊಡ್ಡಮ್ಮ.

"ಏನಿಲ್ಲ ದೊಡ್ಡಮ್ಮ, ಇಂಜಿನ್ ಬಿಸಿ ಮಾಡ್ತಿದೀನಿ," ಎಂದೆ. ನನ್ನ ಪುಣ್ಯಕ್ಕೆ ಆ ಅಂಗಳ ರಸ್ತೆಯ ಕಡೆಗೆ ಇಳಿಜಾರಾಗಿತ್ತು. ನ್ಯೂಟ್ರಲ್‌ಗೆ ತಂದು ಬ್ರೇಕ್ ಸಡಿಲಿಸಿದೆ. ಗಾಡಿ ತಾನಾಗಿಯೇ ಹಿಂದಕ್ಕೆ ಉರುಳಿ ರಸ್ತೆಗೆ ಬಂತು. ಡ್ರೈವ್‌ಗೆ ಹಾಕಿದೆ, ಮುಂದಕ್ಕೆ ಹೊರಟಿತು. ಮುಂದಿನ ಗೇರುಗಳು ಇವೆ, ಹಿಂದಿನದು ಹೋಯಿತು. ಅಲ್ಲಿಂದ ಚಿಂತಾಮಣಿಯವರೆಗೆ ಒಂದು ಸಲವೂ ಹಿಂದಕ್ಕೆ ತೆಗೆಯದೆ ಹೋಗಬೇಕು, ಅದೂ ಪಕ್ಕದಲ್ಲಿ ಕೂತ ದೊಡ್ಡಮ್ಮನಿಗೆ ಗೊತ್ತಾಗದಂತೆ. ಗಾಡಿ ಕೆಟ್ಟಿತೆಂದು ತಿಳಿದರೆ ಚೈತ್ರಳ ಮದುವೆಯೂ ಅಲ್ಲಿಗೇ ಮುಗಿಯುತ್ತದೆ, ನನ್ನ ಕಾಲಿನ ಮೇಲೂ ಒಂದು ಮಾತು ಬರುತ್ತದೆ.

ಚಿಕ್ಕಬಳ್ಳಾಪುರಕ್ಕೆ ಮುಂಚೆ ಸಿಗುವ ಕಣಿವೆಯ ಏರಿನಲ್ಲಿ ಗೇರು ಜಾರತೊಡಗಿತು. ಇಂಜಿನ್ ಕೂಗುತ್ತದೆ, ಗಾಡಿ ಮಾತ್ರ ಎತ್ತುವುದಿಲ್ಲ. ಲಿವರನ್ನು ಎರಡಕ್ಕೆ ಇಳಿಸಿ, ಆಕ್ಸಿಲರೇಟರನ್ನು ಮೊಟ್ಟೆಯ ಮೇಲೆ ಕಾಲಿಟ್ಟ ಹಾಗೆ ಒತ್ತುತ್ತಾ, ನಿಧಾನಕ್ಕೆ ಹತ್ತಿಸಿದೆ. ಒಂದು ಕಲ್ಲಿನ ಲಾರಿಯೂ ನಮ್ಮನ್ನು ಹಿಂದೆ ಹಾಕಿತು. ಸುಟ್ಟ ಆಯಿಲ್ ವಾಸನೆ ಸಣ್ಣಗೆ ಒಳಗೆ ಬಂತು. ಶೋಭ ಮುಂದಕ್ಕೆ ಬಗ್ಗಿ ಕನ್ನಡಿಯಲ್ಲಿ ನನ್ನ ಮುಖ ನೋಡಿದಳು, ಅವಳಿಗೆ ಅರ್ಥವಾಯಿತು. "ಆ ಲಾರಿದು ಏನ್ ವಾಸ್ನೆ ಅತ್ತೆ," ಎಂದು ಕಿಟಕಿ ಏರಿಸಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳ ಮೇಲೆ ನನಗೆ ಇಷ್ಟು ಪ್ರೀತಿ ಉಕ್ಕಿದ್ದು ಅಪರೂಪ.

ಬಿಸಿಯಾದ ಗೇರ್‌ಬಾಕ್ಸ್ ಆರಲೇಬೇಕಿತ್ತು. ಚಿಕ್ಕಬಳ್ಳಾಪುರ ದಾಟಿದ ಮೇಲೆ, ಮುಂದೆ ಯಾವ ಅಡ್ಡಿಯೂ ಇಲ್ಲದ ಅಗಲವಾದ ಜಾಗ ನೋಡಿ, "ದ್ರಾಕ್ಷಿ ತಗೊಳಣ ದೊಡ್ಡಮ್ಮ, ಬರಿಗೈಲಿ ಹೋಗಕ್ಕಾಗುತ್ತಾ?" ಎಂದು ನಿಲ್ಲಿಸಿದೆ. ದೊಡ್ಡಮ್ಮ ದ್ರಾಕ್ಷಿ ಕೊಳ್ಳುವುದೆಂದರೆ ಅರ್ಧ ಗಂಟೆಯ ಕೆಲಸ. ಪ್ರತಿ ಗೊಂಚಲಿನಿಂದ ಒಂದು ತಿಂದು, ಪ್ರತಿ ಅಂಗಡಿಗೂ ಒಂದು ಹೆಸರಿಟ್ಟು, ಕೊನೆಗೆ ಮೊದಲನೇ ಅಂಗಡಿಗೇ ಬಂದರು. ಅಷ್ಟರಲ್ಲಿ ನಾನು ಬಾನೆಟ್ ತೆಗೆದು ಗಾಳಿಯಾಡಲು ಬಿಟ್ಟಿದ್ದೆ. ಕೇಳಿದವರಿಗೆ ನೀರು ನೋಡುತ್ತಿದ್ದೇನೆ ಎಂದೆ.

ಶಿಡ್ಲಘಟ್ಟಕ್ಕೆ ಇಪ್ಪತ್ತು ಕಿಲೋಮೀಟರ್. ಬಿಸಿಲು ಏರಿತ್ತು, ಎರಡೂ ಬದಿ ಹಿಪ್ಪುನೇರಳೆ ತೋಟಗಳು ಹಸಿರಾಗಿದ್ದವು. ಅಲ್ಲಿ ಇನ್ನೊಂದು ಸಲ ಆರಿಸಲು ರೇಷ್ಮೆಗೂಡಿನ ಮಾರುಕಟ್ಟೆಯ ಬಳಿ ನಿಲ್ಲಿಸಿದೆ. ದೊಡ್ಡಮ್ಮ ತವರಿನಲ್ಲಿ ರೇಷ್ಮೆ ಹುಳು ಸಾಕಿದವರು, ಅದನ್ನು ನೋಡದೆ ಮುಂದೆ ಹೋಗಲಾರರೆಂದು ನನಗೆ ಗೊತ್ತಿತ್ತು. ರೈತರೊಬ್ಬರ ಜಾಲರಿಯಿಂದ ಒಂದು ಗೂಡೆತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿ, "ಗೂಡು ಬಾಗುಂದಯ್ಯಾ," ಎಂದು ಗೂಡನ್ನು ಮೆಚ್ಚುತ್ತಾ ತೆಲುಗಿನಲ್ಲಿ ಮಾತಿಗಿಳಿದರು.

ಎಲ್ಲರೂ ಗಾಡಿ ಹತ್ತಿದ ಮೇಲೆ ನೋಡಿದರೆ ಮೂತಿಗೆ ಗೇಣು ದೂರದಲ್ಲಿ ಗೂಡಿನ ಟೆಂಪೊ ನಿಂತಿದೆ. ಚಾಲಕ ಮೂಟೆ ಇಳಿಸುತ್ತಿದ್ದ. "ಹಿಂದೆ ಖಾಲಿ ಇದೆಯಲ್ಲ ಸಾರ್, ರಿವರ್ಸ್ ತಗೊಳ್ಳಿ," ಎಂದ. ನಾನು ಇಳಿದು, ಕುಂಟುತ್ತಾ ಅವನ ಹತ್ತಿರ ಹೋಗಿ ಕಿವಿಯಲ್ಲಿ ವಿಷಯ ಹೇಳಿದೆ. ಆತ ಮುಂದಿನ ಸೀಟಿನ ಮುದುಕಿಯನ್ನೊಮ್ಮೆ ನೋಡಿದ. "ಮದುವೆ ಕೆಲ್ಸ ಅಂದ್ರೆ ನಿಲ್ಲಬಾರ್ದು ಭಾಯ್," ಎಂದು ಹೆಗಲ ಮೇಲಿನ ಮೂಟೆಯನ್ನು ಮತ್ತೆ ಟೆಂಪೊದೊಳಗೆ ಹಾಕಿ ದಾರಿ ಬಿಟ್ಟ. ಅವನ ಹೆಸರು ಕೇಳಬೇಕಿತ್ತು.

ಹನ್ನೊಂದೂಕಾಲಿಗೆ ಚಿಂತಾಮಣಿ. ದೊಡ್ಡ ರಸ್ತೆಯಲ್ಲೇ ನಿಲ್ಲಿಸೋಣವೆಂದು ಲೆಕ್ಕ ಹಾಕಿದ್ದೆ. ಆದರೆ ಹುಡುಗನ ತಂದೆ ಬೀದಿಯ ತುದಿಗೇ ಬಂದು, ಎರಡೂ ಕೈ ಬೀಸಿ, "ಬನ್ನಿ ಬನ್ನಿ, ಮನೆ ಬಾಗಿಲಿಗೇ ಬರುತ್ತೆ," ಎಂದು ಗಾಡಿಯ ಮುಂದೆ ನಡೆದೇಬಿಟ್ಟರು. ಕಿರಿದಾದ ಬೀದಿ, ಕೊನೆಗೆ ಅವರ ಮನೆ, ಅದರಾಚೆ ಬರೀ ಗೋಡೆ.

ಮನೆ ಚೆನ್ನಾಗಿತ್ತು. ಜನ ಇನ್ನೂ ಚೆನ್ನಾಗಿದ್ದರು. ಹುಡುಗ ನನ್ನ ಕಾಲು ನೋಡಿಯೂ ನೋಡದವನಂತೆ, ನಾನು ಕೇಳದೆಯೇ ಎತ್ತರದ ಕುರ್ಚಿ ತಂದಿಟ್ಟ. ಆದರೆ ದೊಡ್ಡಮ್ಮ ಕಾಫಿ ಕುಡಿದರು, ಊಟಕ್ಕೆ ಏಳಲಿಲ್ಲ. ನಮ್ಮಲ್ಲಿ ಸಂಬಂಧ ಒಪ್ಪದೆ ಗಂಡಿನ ಮನೆಯಲ್ಲಿ ಎಲೆ ಮುಂದೆ ಕೂರುವುದಿಲ್ಲ. ಉಂಡರೆ ಒಪ್ಪಿದಂತೆ. "ಊರಿಗೆ ಹೋಗಿ ತಿಳಿಸ್ತೀವಿ," ಎಂದು ಎದ್ದರು. ಹುಡುಗನ ಮುಖ ಬಾಡಿತು. ಅತ್ತಿಗೆ ಸೆರಗಿನ ತುದಿ ಹಿಂಡುತ್ತಿದ್ದರು.

ಎಲ್ಲರೂ ಬೀಳ್ಕೊಡಲು ಹೊರಗೆ ಬಂದರು. ಗಾಡಿ ಗೋಡೆಗೆ ಮುಖ ಮಾಡಿ ನಿಂತಿತ್ತು, ಅಲ್ಲಿ ಇಳಿಜಾರೂ ಇರಲಿಲ್ಲ. ಇನ್ನೊಂದು ಸುಳ್ಳು ಹುಡುಕಬಹುದಿತ್ತೇನೋ. ಆದರೆ ಬೆಳಿಗ್ಗೆಯಿಂದ ನಾನು ಮಾಡಿದ ಕೆಲಸವನ್ನು ಮುಚ್ಚಿಡುವುದೇಕೆ ಎಂದು ಇದ್ದಕ್ಕಿದ್ದಂತೆ ಅನ್ನಿಸಿತು.

"ದೊಡ್ಡಮ್ಮ, ಮಂಚೇನಹಳ್ಳಿಯಿಂದ ಈ ಗಾಡಿಗೆ ರಿವರ್ಸ್ ಇಲ್ಲ. ಮುಂದಿನ ಗೇರೂ ಜಾರ್ತಾ ಇದೆ. ಈಗ ಎಲ್ರೂ ಸೇರಿ ಹಿಂದಕ್ಕೆ ತಳ್ಳಬೇಕು," ಎಂದೆ.

ಅಣ್ಣನ ಮುಖ ಬಿಳಿಚಿಕೊಂಡಿತು. ದೊಡ್ಡಮ್ಮ ಒಂದು ಹೆಜ್ಜೆ ನನ್ನ ಹತ್ತಿರ ಬಂದರು.

"ದಾರೀಲಿ ನಿಂತಿತ್ತೇನೋ?"

"ಎಲ್ಲೂ ನಿಲ್ಲಲಿಲ್ಲ. ನಾನೇ ನಿಲ್ಲಿಸ್ದೆ, ಆರ್ಲಿ ಅಂತ."

"ಅದಕ್ಕೇನೋ ದ್ರಾಕ್ಷಿ ಕೊಡ್ಸಿದ್ದು?"

"ಹೂಂ."

"ಗೂಡು ತೋರ್ಸಿದ್ದೂನಾ?"

"ಅದೂನೂ."

ಅವರು ಗಾಡಿಯನ್ನು ನೋಡಿದರು, ನನ್ನ ಕಾಲನ್ನು ನೋಡಿದರು. ಹುಡುಗನ ತಾಯಿಯ ಕಡೆ ತಿರುಗಿದರು. "ಕಾಲು ಸರಿಯಿಲ್ದೋನು, ಗೇರು ಸರಿಯಿಲ್ದಿರೋ ಗಾಡೀಲಿ, ಮೂರು ತಾಲ್ಲೂಕು ದಾಟ್ಸಿ ಕರ್ಕೊಂಡ್ ಬಂದವ್ನೆ. ಇನ್ಯಾವ ಶಕುನ ನೋಡ್ಲಿ ನಾನು? ಎಲೆ ಹಾಕ್ರಮ್ಮ."

ಒಬ್ಬಟ್ಟು, ಹುರುಳಿಕಾಯಿ ಪಲ್ಯ, ಅವರೆಕಾಳಿನ ಸಾರು. ದೊಡ್ಡಮ್ಮ ತಮ್ಮ ಪಕ್ಕದ ಎಲೆಗೆ ನನ್ನನ್ನು ಕರೆದು ಕೂರಿಸಿಕೊಂಡರು. ಅಷ್ಟು ತುಪ್ಪ ನಾನು ಯಾವತ್ತೂ ತಿಂದಿಲ್ಲ, ಅಷ್ಟು ರುಚಿಯಾದದ್ದನ್ನೂ ತಿಂದಿಲ್ಲ. ಊಟವಾದ ಮೇಲೆ ಹುಡುಗ, ಅವನ ತಂದೆ, ಅಕ್ಕಪಕ್ಕದವರು ಸೇರಿ ಗಾಡಿಯನ್ನು ದೊಡ್ಡ ರಸ್ತೆಯವರೆಗೆ ಹಿಂದಕ್ಕೆ ತಳ್ಳಿದರು. ನಾನು ಒಳಗೆ ಕೂತು ಸ್ಟೀರಿಂಗ್ ತಿರುಗಿಸುತ್ತಿದ್ದೆ. ಗಾಡಿ ಚಿಂತಾಮಣಿಯಲ್ಲೇ ಇರಲಿ ಎಂದು ಅಣ್ಣ ಅಂದ. ದೊಡ್ಡಮ್ಮ ಆಗಲೇ ಮುಂದಿನ ಸೀಟಿನಲ್ಲಿ ಕೂತಾಗಿತ್ತು.

ಬಂದ ದಾರಿಯಲ್ಲೇ, ಎರಡು ಕಡೆ ಆರಿಸಿಕೊಂಡು, ಸಂಜೆ ಐದೂವರೆಗೆ ಗೌರಿಬಿದನೂರು ಸೇರಿದೆವು. ಚೈತ್ರ ಗೇಟು ಹಿಡಿದು ನಿಂತಿದ್ದಳು. ಮನೆಗೆ ಬರುವವರೆಗೆ ಯಾರೂ ಫೋನ್ ಮಾಡಕೂಡದೆಂದು ದೊಡ್ಡಮ್ಮ ಹುಡುಗನನ್ನೂ ಸೇರಿಸಿ ಎಲ್ಲರ ಬಾಯಿ ಕಟ್ಟಿದ್ದರು. ಅವಳು ಮೊದಲು ಅಮ್ಮನ ಮುಖ ನೋಡಿದಳು, ಆಮೇಲೆ ದೊಡ್ಡಮ್ಮನ ಮುಖ. ಕೇಳಲು ಧೈರ್ಯವಿಲ್ಲ.

ದೊಡ್ಡಮ್ಮ ಇಳಿದು ಸೀರೆ ಸರಿಮಾಡಿಕೊಂಡರು. "ನನ್ನೇನ್ ನೋಡ್ತೀಯೇ? ನಿನ್ ಚಿಕ್ಕಪ್ಪನ್ನ ಕೇಳು. ಅವ್ನ್ ಬಾಯಿಂದಾನೇ ಬರ್ಲಿ," ಎಂದರು.

ನಾನಿನ್ನೂ ಸ್ಟೀರಿಂಗ್ ಮುಂದೆಯೇ ಕೂತಿದ್ದೆ. ಚೈತ್ರ ಕಿಟಕಿಗೆ ಬಂದಳು. ಗಾಜನ್ನು ಪೂರ್ತಿ ಇಳಿಸಿದೆ.

"ಊಟ ಮಾಡ್ಕೊಂಡ್ ಬಂದ್ವಿ ಕಣಮ್ಮ," ಎಂದೆ.