ಹೀಬ್ರೂ ಮೇಷ್ಟ್ರು, ಅವರೇಕಾಯಿ

ಕೋಲಾರದಲ್ಲಿ ನಮ್ಮ ಪಕ್ಕದ್ಮನೇಲಿ ಒಬ್ಬ ಮೇಷ್ಟ್ರಿದ್ರು. ಯುದ್ಧದ ಕಾಲ, ಊರಿಗೆಲ್ಲ ಸೀಮೆಎಣ್ಣೆ ಚಿಂತೆ; ಇವರಿಗೆ ಹಳೇ ಹೀಬ್ರೂ ಹಾಡುಗಳನ್ನ ಕನ್ನಡಕ್ಕೆ ತರೋ ಚಿಂತೆ. ನಾವು ಹೆಂಗಸರು ಜಗಲಿ ಮೇಲೆ ಅವರೇಕಾಯಿ ಸುಲೀತಾ ಕೂತ್ರೆ ಸಾಕು, ಹಾಳೆ ಹಿಡ್ಕೊಂಡು ಬಂದ್ಬಿಡೋರು.

"ಅರ್ಥ ಕೇಳ್ಬೇಡಿ, ಸುಮ್ನೆ ಕೇಳಿಸ್ಕೊಳ್ಳಿ" ಅನ್ನೋರು. ಓದ್ತಾ ನಮ್ಮ ಕೈಗಳನ್ನೇ ನೋಡೋರು. ಕೈ ಸುಲೀತಾನೇ ಇದ್ರೆ ಆ ಸಾಲು ಸತ್ತಂಗೆ, ಹೊಡೆದುಹಾಕೋರು.

"ಬರೀ ಓದೋದೇನು ಮೇಷ್ಟ್ರೇ, ನಾಕು ಕಾಯಿ ಸುಲೀರಿ" ಅಂತ ನಮ್ಮತ್ತೆ ರೇಗಿಸೋರು.

"ಅದೊಂದು ನನ್ನ ಕೈಲಾಗಲ್ಲ ಕಣಮ್ಮ."

ನಮ್ಮ ವಾರಗಿತ್ತಿ ಮಗು ಕಳ್ಕೊಂಡು ತಿಂಗಳಾಗಿತ್ತು. ಒಂದು ಹನಿ ಕಣ್ಣೀರು ಹಾಕಿರ್ಲಿಲ್ಲ. ಇವಳಿಗೇನಾಗ್ಬಿಡುತ್ತೋ ಅಂತ ಮನೆಯವರಿಗೆಲ್ಲ ಭಯ. ಒಂದಿನ ಅವಳೂ ನಮ್ಮ ಜೊತೆ ಸುಲೀತಾ ಕೂತಿದ್ಲು; ಅವತ್ತು ಮೇಷ್ಟ್ರು ಶೋಕದ ಹಾಡು ತಂದಿದ್ರು. "ಹೀಬ್ರೂನಲ್ಲಿ ಅಳೋ ಸಾಲಿನ ಎರಡನೇ ಅರ್ಧ ಗಿಡ್ಡ ಇರುತ್ತೆ, ಉಸಿರು ಕಟ್ಟಿದಂಗೆ. ಕನ್ನಡದಲ್ಲೂ ಹಂಗೇ ಮಾಡಿದೀನಿ" ಅಂದು ಓದಿದ್ರು.

ಕೈಗಳೆಲ್ಲ ನಿಂತ್ವು. ವಾರಗಿತ್ತಿ ಮೊರದ ಮೇಲೆ ಬಗ್ಗಿ ಗೊಳೋ ಅಂತ ಅತ್ಲು.

ಸಾಲು ಗೆದ್ರೆ ಕುಣ್ಕೊಂಡು ಮನೆಗೋಡೋ ಮನುಷ್ಯ, ಅವತ್ತು ಹಾಳೆ ಮಡಚಿಟ್ರು. ಅವಳ ಮುಂದಿದ್ದ ಕಾಯಿಗಳನ್ನ ತಮ್ಮ ಕಡೆ ಎಳ್ಕೊಂಡು, ಅವಳು ಅತ್ತು ಮುಗಿಸೋವರೆಗೂ ಸುಲೀತಾ ಕೂತ್ರು. ಒಂದನ್ನಾದ್ರೂ ನೆಟ್ಟಗೆ ಸುಲೀಲಿಲ್ಲ ಪುಣ್ಯಾತ್ಮ.