ದೊಡ್ಡಮ್ಮ ಗಳ ಹಾಕುತ್ತಿದ್ದ ಮಡು

ಲಕ್ಕಿ ಸೊಪ್ಪನ್ನು ಅಂಗೈಯಲ್ಲಿ ಉಜ್ಜಿದಾಗ ಬರುವ ಕಹಿ ಘಾಟು ಮೂಗಿಗೆ ಬಡಿದರೆ ಸಾಕು, ಬಂಗಾರಪೇಟೆ ಕಡೆಯ ನಮ್ಮೂರ ಹೊಳೆಯ ಮಡು ಕಣ್ಣ ಮುಂದೆ ಬರುತ್ತದೆ. ಮೊನ್ನೆ ಆ ಕಡೆ ಹೋದವಳು ದಡದ ಪೊದೆಯಿಂದ ಒಂದು ಕುಡಿ ಚಿವುಟಿ, ಮೂಸುತ್ತ ಕೆಳಗಿಳಿದೆ. ಅಯ್ಯೋ, ಇಳಿಯಬಾರದಿತ್ತು. ಬಂಡೆಯ ಮೇಲೆಲ್ಲ ಒಡೆದ ಬಾಟಲಿ, ಚಿಪ್ಸಿನ ಕವರು, ಯಾರೋ ಬಿಟ್ಟುಹೋದ ಚಡ್ಡಿ. ರಾಬರ್ಟ್‌ಸನ್‌ಪೇಟೆಯಿಂದ ಬೈಕುಗಳಲ್ಲಿ ಬಂದ ಗಂಡಸರ ಗುಂಪೊಂದು ನೀರಿಗೆ ಹಾರುವುದು, ಹಾರಿದ್ದನ್ನು ಮೊಬೈಲಿನಲ್ಲಿ ಹಿಡಿಯುವುದು, ಇದೇ ಕೆಲಸದಲ್ಲಿತ್ತು. "ಆಳ ಎಷ್ಟೈತೆ ಅಂತ ನೋಡಿದ್ರೇನಪ್ಪಾ?" ಎಂದೆ. "ನೋಡೋದೇನು ಆಂಟಿ, ಬಿದ್ರೆ ಗೊತ್ತಾಗ್ತದೆ" ಎಂದನೊಬ್ಬ, ಉಳಿದವರು ಹಲ್ಲು ಕಿಸಿದರು. ಥೂ, ಇವರ ಮುಖಕ್ಕಿಷ್ಟು! ಬುದ್ಧಿ ಹೇಳುವ ಮನಸ್ಸೂ ಆಗದೆ ವಾಪಸು ಹತ್ತಿದೆ.

ದಡದ ಮೇಲೆ ಈಗ ಇಟ್ಟಿಗೆ ಗೂಡು ಎದ್ದಿರುವ ಜಾಗದಲ್ಲೇ ನಮ್ಮ ಮನೆಯಿತ್ತು, ಅಪ್ಪ ಚಿಕ್ಕಪ್ಪಂದಿರು, ಅವರ ಮಕ್ಕಳು ಮರಿ ಎಲ್ಲ ಸೇರಿ ತುಂಬಿ ತುಳುಕುತ್ತಿದ್ದ ಮನೆ. ಹೊಲ, ಹಸು, ಹಾಲಿನ ಲೆಕ್ಕ ಗಂಡಸರದು. ಮಡು ಮಾತ್ರ ದೊಡ್ಡಮ್ಮನದು. ಅಪ್ಪನ ಅಣ್ಣನ ಹೆಂಡತಿ ಅವಳು, ಗಂಡ ಹೋದ ಮೇಲೆ ಇನ್ನಷ್ಟು ಗಟ್ಟಿ ಬಾಯಿ ಬೆಳೆಸಿಕೊಂಡವಳು. ನಮ್ಮದು ವರ್ಷವಿಡೀ ಹರಿಯುವ ಹೊಳೆಯಲ್ಲ. ಹಿಂಗಾರಿನಲ್ಲಿ ನಾಲ್ಕು ದಿನ ಕೆಂಪಗೆ ನುಗ್ಗಿ, ಎಲ್ಲಿಯದೋ ಮರಳನ್ನು ಎಲ್ಲಿಗೋ ತಳ್ಳಿ, ಆಮೇಲೆ ಏನೂ ಗೊತ್ತಿಲ್ಲದ ಹಾಗೆ ತಿಳಿಯಾಗಿ ನಿಲ್ಲುತ್ತದೆ. ಹೋದ ವರ್ಷ ಆಳು ಮುಳುಗಿದ ಜಾಗದಲ್ಲಿ ಈ ವರ್ಷ ಕರು ಮುಳುಗುವುದಿಲ್ಲ. ಅದಕ್ಕೇ ಹೊಸ ನೀರು ಬಂದ ಮೇಲೆ ದೊಡ್ಡಮ್ಮ ಬಿದಿರು ಗಳ ಹಿಡಿದು ಮಡುವನ್ನೆಲ್ಲ ತಿವಿದು ನೋಡುವ ತನಕ ಯಾರೂ ಕಾಲು ನೆನೆಸುವಂತಿರಲಿಲ್ಲ. ಈಜು ಬರದ ನಮ್ಮ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟುತ್ತಿದ್ದಳು. ಮೇಲಿನ ಗುಡ್ಡದ ಕಡೆ ಮೋಡ ಕಪ್ಪಾದರೆ ಎಲ್ಲರನ್ನೂ ಬೈದು ಎಬ್ಬಿಸುತ್ತಿದ್ದಳು. ಕೆಳಗೆ ಜನ ಮರಳು ತೋಡಿ ಒರತೆ ನೀರು ಕುಡಿಯುತ್ತಿದ್ದರಿಂದ ಸೋಪಿನ ಮಾತೆತ್ತಿದರೆ ಬೆನ್ನಿಗೆ ಬೀಳುತ್ತಿತ್ತು. ಎಲ್ಲರೂ ನೀರಿನಲ್ಲಿದ್ದರೂ ಅವಳು ಮಾತ್ರ ಸೀರೆ ಒದ್ದೆ ಮಾಡಿಕೊಳ್ಳದೆ, ಲಕ್ಕಿ ಪೊದೆಯ ಪಕ್ಕ, ನಮ್ಮ ತಲೆಗಳ ಮೇಲೇ ಕಣ್ಣಿಟ್ಟು ಕೂತಿರುತ್ತಿದ್ದಳು.

ಅವಳ ಒಬ್ಬಳೇ ಮಗಳು ಸರೋಜಕ್ಕನನ್ನು ಉರಿಗಾಂನಲ್ಲಿ ಮನೆ ಮಾಡಿಕೊಂಡಿದ್ದ, ಕಾರ್ಖಾನೆಯ ಕೆಲಸದವನಿಗೆ ಕೊಟ್ಟರು. ಭಾವ ಶಿವಮೊಗ್ಗ ಕಡೆಯವರು. ಮೊದಲ ದೀಪಾವಳಿಗೆ ಬಂದವರು ಎಣ್ಣೆನೀರು ಮುಗಿಸಿ, ತುಂಗೆಯಲ್ಲಿ ಈಜಿದ ತಮ್ಮ ಪ್ರತಾಪ ಕೊಚ್ಚಿಕೊಳ್ಳುತ್ತ, ಮಡುವಿನ ಎತ್ತರದ ಬಂಡೆ ಹತ್ತಿ ನಿಂತರು. ಮಳೆ ಆಗಷ್ಟೇ ಬಿಟ್ಟಿತ್ತು, ಆ ವರ್ಷದ ಗಳ ಇನ್ನೂ ಬಿದ್ದಿರಲಿಲ್ಲ. ನಮ್ಮ ಮನೆಯ ಗಂಡಸರಿಗೆಲ್ಲ ಅದು ಗೊತ್ತು. ಆದರೆ ಹೊಸ ಅಳಿಯನಿಗೆ ಬೇಡ ಅನ್ನುವುದುಂಟೇ? ಮೀಸೆ ಹೊತ್ತ ಅಷ್ಟೂ ಜನ ಟವೆಲ್ಲು ಹಿಡಿದುಕೊಂಡು ನಗುತ್ತ ನಿಂತಿದ್ದರು. ಭಾವ ತಲೆ ಕೆಳಗೆ ಮಾಡಿ ಕೈ ಚಾಚಿದ್ದೇ ತಡ, ದೊಡ್ಡಮ್ಮ ಓಡಿಬಂದು ಅವರ ಪಂಚೆ ಹಿಡಿದು ಹಿಂದಕ್ಕೆಳೆದಳು. "ಏಯ್, ನಿಲ್ಲಲಾ! ಕತ್ತು ಮುರ್ಕೊಂಡ್ರೆ ನನ್ ಮಗ್ಳು ಗತಿ ಏನ್ಲಾ?"

ಅಳಿಯ ಬಂಡೆಯ ಮೇಲೆ ಕುಂಡೆಯೂರಿ ಬಿದ್ದರು. ಅತ್ತೆಯ ಬಾಯಲ್ಲಿ 'ಲಾ' ಅನ್ನಿಸಿಕೊಂಡಿದ್ದು ಬಿದ್ದದ್ದಕ್ಕಿಂತ ಜೋರಾಗಿ ತಾಗಿತು. ಅವರು ಹೆಂಡತಿಯನ್ನು ಕರೆದುಕೊಂಡು ಬಸ್ಸಿನ ದಾರಿ ಹಿಡಿದರೆ, ಚಿಕ್ಕಪ್ಪಂದಿರು ಚೀಲ ಹೊತ್ತು ಹಿಂದೆ ಹಿಂದೆ ಓಡಿದರು. "ಏನತ್ತಿಗೆ, ಅಳಿಯಂದ್ರನ್ನ ಅಂಗನ್ಬೋದಾ? ಈಗ ಏನಾಗೋಗಿತ್ತು?" ಎಂದು ಸಿಡುಕಿ ಅಪ್ಪನೂ ಅವರ ಹಿಂದೆ ಹೋದ. ದೊಡ್ಡಮ್ಮ ಗಳ ತಂದು ಬಂಡೆಯ ಕೆಳಗೆ ಇಳಿಬಿಟ್ಟಳು. ನೆನೆದದ್ದು ಮೊಣಕಾಲುದ್ದವೂ ಇಲ್ಲ, ಕೆಳಗೆಲ್ಲ ಮರಳು. ನೋಡಲು ನಾವು ಮಕ್ಕಳು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ. ಕತ್ತು ಮುರಿದಿದ್ದರೆ ಊರೆಲ್ಲ ಬಾಯಿ ಬಡಿದುಕೊಳ್ಳುತ್ತಿತ್ತು. ಮುರಿಯದಂತೆ ತಡೆದವಳು ಬಜಾರಿಯಾದಳು. ಎಂಥ ಜನವಪ್ಪಾ ನಮ್ಮದು!

ಸರೋಜಕ್ಕ ಬಸುರಿಯಾದರೂ ಭಾವ ತವರಿಗೆ ಕಳಿಸಲಿಲ್ಲ. ಕೊನೆಗೆ ದೊಡ್ಡಮ್ಮನೇ ಉರಿಗಾಂಗೆ ಹೋಗಿ ಬಾಗಿಲಲ್ಲಿ ನಿಂತಳು. ಅವಳ ಸೆರಗು ಹಿಡಿದು ನಾನೂ ಇದ್ದೆ. "ಲಾ ಅಂದಿದ್ದು ತಪ್ಪಾಯ್ತಪ್ಪ, ಕೈ ಮುಗೀತೀನಿ. ತಡ್ದಿದ್ದು ಮಾತ್ರ ತಪ್ಪಲ್ಲ. ಬಾಣಂತನಕ್ಕೆ ಮಗ್ಳುನ್ನ ಕಳ್ಸಪ್ಪ" ಎಂದಳು. ಪೇಪರು ಓದುತ್ತಿದ್ದ ಭಾವ ಪೇಪರಿನಿಂದ ಮುಖ ತೆಗೆಯಲಿಲ್ಲ. ಹೆರಿಗೆ ಅಲ್ಲೇ ಆಯಿತು, ನಾಮಕರಣಕ್ಕೂ ಕರೆ ಬರಲಿಲ್ಲ. ಮಗುವಿಗೆ ವರ್ಷ ತುಂಬುವ ಮೊದಲೇ ದೊಡ್ಡಮ್ಮ ಜ್ವರ ಬಂದು ಹೋದಳು. ಆಮೇಲೆ ಮಡುವಿಗೆ ಗಳ ಹಾಕುವವರು ಯಾರೂ ಇರಲಿಲ್ಲ. ನಾವು ಹೋಗುವುದನ್ನೇ ಬಿಟ್ಟೆವು.

ಕಳೆದ ವಾರ ನೆಂಟರ ಮದುವೆಯೊಂದರಲ್ಲಿ ಊಟದ ಪಂಕ್ತಿಯಲ್ಲಿ ಭಾವನ ಎದುರು ಕೂತಿದ್ದೆ. ವಯಸ್ಸಾಗಿದೆ, ಆದರೂ ಗಟ್ಟಿಮುಟ್ಟಾಗಿದ್ದಾರೆ, ಜಂಬವೂ ಹಾಗೇ ಇದೆ. ಮಡುವಿನ ವಿಷಯ ಎತ್ತಿದೆ. "ನಿಮ್ಮ ದೊಡ್ಡಮ್ಮಂದು ಬಾಯಿ ಜಾಸ್ತಿ ಕಣಮ್ಮ" ಎಂದು ಕತ್ತನ್ನು ಆ ಕಡೆ ಈ ಕಡೆ ಆಡಿಸಿ ನಕ್ಕರು. "ಅವತ್ತು ಏನಾಯ್ತು ಹೇಳು? ಏನೂ ಆಗಲಿಲ್ಲ!"

ಪಕ್ಕದಲ್ಲಿದ್ದ ಸರೋಜಕ್ಕ, ಈ ವಯಸ್ಸಿನಲ್ಲೂ ಮುಡಿ ತುಂಬ ಕನಕಾಂಬರ, ಹಣೆ ತುಂಬ ಕುಂಕುಮ, ಎಲೆಯಿಂದ ಕೈ ತೆಗೆದಳು.

"ನಮ್ಮಮ್ಮ ಮೊಮ್ಮಗೂನ್ ಮುಖ ನೋಡ್ದೇನೇ ಸತ್ಲು" ಎಂದಳು. "ಅದಾಯ್ತು."

ಭಾವ ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡರು.