ಮೂರು ಸಲ ತೊಳೆದ ಅಕ್ಕಿ

ಮುಂಬಯಿ ಸರಕಾರದ ರಸ್ತೆ ಅಳತೆಗೆಂದು ಅರಬೈಲ್ ಘಟ್ಟದಲ್ಲಿ ಡೇರೆ ಹಾಕಿದ್ದೆವು. ಹಳ್ಳ ಒಂದು ಮೈಲಿ ಕೆಳಗೆ. ನಾನು ಮಡಿಯವನು, ಬೇರೆಯವರು ಮುಟ್ಟಿದ ನೀರು ನನಗಾಗದು. ದಿನಾ ಬೆಳಿಗ್ಗೆ ನನ್ನ ಒಂದು ಕೊಡ ನೀರು ನಾನೇ ಹೊತ್ತು ತರುತ್ತಿದ್ದೆ.

ಮೂರು ಸಲ ತೊಳೆಯದ ಅಕ್ಕಿ ನಮ್ಮ ಮನೆಯಲ್ಲಿ ಒಲೆ ಏರುವುದಿಲ್ಲ. ಒಂದು ದಿನ ಡೇರೆಯಲ್ಲೂ ಹಾಗೇ ತೊಳೆದೆ. ಮೂರನೆಯ ಸಲ ಬಸಿದು ನೋಡಿದರೆ, ಅನ್ನ ಬೇಯಿಸಲು ಕೊಡದಲ್ಲಿ ನೀರೇ ಇಲ್ಲ.

ನಮ್ಮ ಸಾಮಾನು ತರುವ ಎತ್ತಿನಗಾಡಿಯ ಕರೀಂ ಸಾಬರು ಮರದಡಿ ಕೂತು ಎಲ್ಲ ನೋಡುತ್ತಿದ್ದರು. ಅವರ ಕೊಡ ತುಂಬಿತ್ತು. ಕೇಳಲು ನನಗೆ ಬಾಯಿಲ್ಲ, ಕೊಡುತ್ತೇನೆನ್ನಲು ಅವರಿಗೆ ಸಂಕೋಚ. ಸ್ವಲ್ಪ ಹೊತ್ತು ಬಿಟ್ಟು, ಅಂಕೋಲೆಯಿಂದ ತಂದಿದ್ದ ಎರಡು ಎಳನೀರನ್ನು ಗಾಡಿಯಿಂದ ಇಳಿಸಿದರು.

"ಭಟ್ರೇ, ಇದರೊಳಗೆ ನಾ ಕೈ ಹಾಕಿಲ್ಲ. ನಡೀತದೇನ್ರಿ?"

"ಅಡ್ಡಿಲ್ಲ" ಎಂದೆ, ಅವರು ಕೇಳಿ ಮುಗಿಸುವ ಮೊದಲೇ.

ಅವಲಕ್ಕಿಗೆ ಬೆಲ್ಲ ಹಾಕಿ, ಎಳನೀರಲ್ಲಿ ಕಲಸಿ ತಿಂದೆ. ಅಂಥ ರುಚಿ ಮದುವೆಮನೆಯಲ್ಲೂ ಕಂಡಿರಲಿಲ್ಲ. ಕೆತ್ತಿದ ಕತ್ತಿ ಅವರದು, ಹಿಡಿದು ಕೊಟ್ಟ ಕೈಯೂ ಅವರದೇ ಎಂಬುದು ಹೊಟ್ಟೆ ತುಂಬಿದ ಮೇಲೆ ಹೊಳೆಯಿತು. ನನಗೆ ನಗು ಬಂತು. ನೋಡಿ ಸಾಬರೂ ನಕ್ಕರು.

ಮರುದಿನ ನಾನು ಹಳ್ಳಕ್ಕೆ ಇಳಿಯಲಿಲ್ಲ. ಚೊಂಬು ಹಿಡಿದು ಅವರ ಬಳಿ ಹೋಗಿ, "ಸಾಬ್ರೇ, ನಿಮ್ಮ ಕೊಡದಿಂದ ಸ್ವಲ್ಪ ನೀರು ಕೊಡಿ" ಎಂದೆ.

ಸಾಬರು ಕೊಡದ ಬಾಯಿಗೆ ಕೈ ಅಡ್ಡ ಇಟ್ಟರು.

"ಅನ್ನಕ್ಕಾದ್ರೆ ತಗೊಳ್ರಿ. ಅಕ್ಕಿ ತೊಳೆಯೋಕಾದ್ರೆ ಇಲ್ರಿ ಭಟ್ರೇ. ನಮ್ಮದೂ ಒಂದು ಮಡಿ ಐತಿ."